ಎಣಿಕೆಯಿಂದ ತೂಕಕ್ಕೆ: ಒಂಟಿ ಸಾಕ್ಷ್ಯದ ಕಾನೂನು ನಡೆದು ಬಂದ ದಾರಿ

2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಬಾಕಿಯಿದ್ದಾಗ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿವೆ ಎನ್ನಲಾದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿದವು. ಆ ಕ್ಷೇತ್ರದ ಆಗಿನ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧ ಅತ್ಯಾಚಾರದ ದೂರುಗಳು ದಾಖಲಾದಾಗ ಜಿಲ್ಲೆ ಎರಡು ಪ್ರಶ್ನೆಗಳ ನಡುವೆ ಹಂಚಿಹೋಯಿತು. ಒಬ್ಬ ಹೆಂಗಸು ಹೇಳಿದ ಮಾತ್ರಕ್ಕೆ ಒಬ್ಬನನ್ನು ಜೈಲಿಗೆ ಹಾಕಬಹುದೇ? ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಅವಳಾದರೂ ಯಾರನ್ನು ಸಾಕ್ಷಿಗೆ ಕರೆತರಬೇಕು?

ಎರಡೂ ಪ್ರಶ್ನೆಗಳು ಹಳೆಯವು. ಹೊಯ್ಸಳರು ಇನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ವ್ಯಾಜ್ಯಕ್ಕೆ ಕನಿಷ್ಠ ಮೂವರು ಸಾಕ್ಷಿಗಳಿರಬೇಕು. ಆದರೆ ಎರಡೂ ಕಡೆಯವರು ಒಪ್ಪಿದ ಧರ್ಮಜ್ಞ ಒಬ್ಬನೇ ಇದ್ದರೂ ಆದೀತು. ಕಳವು, ಹಲ್ಲೆ, ವ್ಯಭಿಚಾರದಂಥ ಪ್ರಕರಣಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದು. ಗುಟ್ಟಾಗಿ ನಡೆಯುವ ಅಪರಾಧಕ್ಕೆ ಸಾಕ್ಷಿಗಳನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಲಾಗದು ಎಂಬ ಅರಿವು ಅಲ್ಲೂ ಇತ್ತು.

ಅನುಮಾನದಿಂದ ಶುರು

ಇಂಗ್ಲೆಂಡಿನಲ್ಲಿ 17ನೇ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್, ಅತ್ಯಾಚಾರದ ಆರೋಪ ಹೊರಿಸುವುದು ಸುಲಭ, ಅಲ್ಲಗಳೆಯುವುದು ಕಷ್ಟ ಎಂದು ಎಚ್ಚರಿಸಿದ್ದ. ಅವನ ನೆರಳು ನಮ್ಮ ಕೋರ್ಟುಗಳ ಮೇಲೂ ಬಿತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 134ನೇ ಕಲಮಿನಲ್ಲಿ, ಯಾವುದೇ ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟವಾಗಿಯೇ ಇತ್ತು. ಆದರೂ ಅತ್ಯಾಚಾರದ ದೂರುದಾರಳನ್ನು ಅಪರಾಧದ ಪಾಲುದಾರಳಂತೆ ಕಂಡು, ಅವಳ ಮಾತಿಗೆ ಪೂರಕ ಸಾಕ್ಷ್ಯ ಕೇಳುವುದು ರೂಢಿಯಾಯಿತು. ಅದೇ ಅಧಿನಿಯಮದ 155(4)ನೇ ಕಲಮು ಅವಳ ನಡತೆಯನ್ನು ಕೆದಕಲು ವಕೀಲರಿಗೆ ದಾರಿ ಬಿಟ್ಟಿತ್ತು.

ಈ ರೂಢಿ ಮೊದಲು ಸಡಿಲಗೊಂಡದ್ದು 1952ರಲ್ಲಿ ವರದಿಯಾದ ರಾಮೇಶ್ವರ್ ಪ್ರಕರಣದಲ್ಲಿ. ಪೂರಕ ಸಾಕ್ಷ್ಯ ಕಾನೂನಿನ ಕಡ್ಡಾಯವಲ್ಲ, ನ್ಯಾಯಾಧೀಶರ ಮನಸ್ಸಿನಲ್ಲಿರಬೇಕಾದ ಎಚ್ಚರ ಮಾತ್ರ ಎಂದರು ನ್ಯಾಯಮೂರ್ತಿ ವಿವಿಯನ್ ಬೋಸ್. 1957ರ ವಡಿವೇಲು ತೇವರ್ ಪ್ರಕರಣ ಸಾಕ್ಷಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಪೂರ್ತಿ ನಂಬಬಹುದಾದವರು, ನಂಬಲೇಬಾರದವರು, ಇವೆರಡರ ನಡುವಿನವರು. ಮೊದಲ ಬಗೆಯವರು ಒಬ್ಬರೇ ಇದ್ದರೂ ಸಾಕು. ಪೂರಕ ಸಾಕ್ಷ್ಯ ಬೇಕಾಗುವುದು ಮೂರನೆಯ ಬಗೆಯವರ ಮಾತಿಗೆ. ಅದು ಕೊಲೆ ಪ್ರಕರಣವಾಗಿತ್ತು ಎಂಬುದನ್ನು ಗಮನಿಸಬೇಕು. ಒಬ್ಬರೇ ಪ್ರತ್ಯಕ್ಷದರ್ಶಿಯ ಮಾತಿನ ಮೇಲೆ ಕೊಲೆಗಾರನಿಗೆ ಶಿಕ್ಷೆಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಅತ್ಯಾಚಾರದಲ್ಲಿ ಮಾತ್ರ ಅದೇ ನಿಯಮ ವಿವಾದವಾಗುತ್ತದೆ.

ತಿರುವು

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದ ಆರೋಪ ಪೊಲೀಸರ ಮೇಲೆ ಬಂತು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಚರ್ಚೆ ಬೀದಿಗೆ ಬಂತು. 1983ರ ತಿದ್ದುಪಡಿಯಲ್ಲಿ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 114-ಎ ಕಲಮಿನ ಪ್ರಕಾರ, ಠಾಣೆಯಂಥ ಕಡೆ ಅಧಿಕಾರದಲ್ಲಿರುವವರ ವಿರುದ್ಧದ ಪ್ರಕರಣದಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ಒಪ್ಪಿಗೆ ಇರಲಿಲ್ಲ ಎಂದು ಸಂತ್ರಸ್ತೆ ಹೇಳಿದರೆ ಕೋರ್ಟು ಹಾಗೆಯೇ ಭಾವಿಸಬೇಕು.

ಅದೇ ವರ್ಷ ಭರ್ವಾಡಾ ಪ್ರಕರಣದಲ್ಲಿ ನ್ಯಾಯಮೂರ್ತಿ ಎಂ.ಪಿ. ಠಕ್ಕರ್, ಪೂರಕ ಸಾಕ್ಷ್ಯಕ್ಕಾಗಿ ಹಟ ಹಿಡಿಯುವುದು ಗಾಯದ ಮೇಲೆ ಅವಮಾನ ಸುರಿದಂತೆ ಎಂದರು. ಆದರೆ ಅವರ ವಾದಕ್ಕೂ ಒಂದು ಊನವಿತ್ತು: ಸಂಪ್ರದಾಯಸ್ಥ ಭಾರತೀಯ ಹೆಣ್ಣು ಮಾನಕ್ಕಂಜಿ ಸುಳ್ಳು ಹೇಳಲಾರಳು ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಆ ಸಂಪ್ರದಾಯದ ಚೌಕಟ್ಟಿಗೆ ಹೊಂದದ ಹೆಣ್ಣಿನ ಮಾತಿಗೆ ಬೆಲೆ ಕಡಿಮೆಯೇ? 1996ರ ಗುರ್ಮಿತ್ ಸಿಂಗ್ ತೀರ್ಪು ಗಾಯಾಳು ಸಾಕ್ಷಿಗಿರುವ ಗೌರವವನ್ನು ಸಂತ್ರಸ್ತೆಗೂ ಕೊಟ್ಟಿತು. 155(4)ನೇ ಕಲಮನ್ನು ಕಿತ್ತುಹಾಕಲು 2002ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆಮೇಲೂ ‘ಒಳ್ಳೆಯ ಹೆಣ್ಣಿ’ನ ಅಳತೆಗೋಲು ಮಾಯವಾಗಲಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ನಿರೀಕ್ಷಣಾ ಜಾಮೀನು ಆದೇಶವೊಂದು, ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದಿತು. ಟೀಕೆ ಎದ್ದ ಮೇಲೆ ಆ ಸಾಲನ್ನು ಕಡತದಿಂದ ತೆಗೆಯಲಾಯಿತು.

ಇನ್ನೊಂದು ತಟ್ಟೆ

ಆರೋಪಿಯ ಕಡೆಯ ಆತಂಕವನ್ನೂ ಕೋರ್ಟು ತಳ್ಳಿಹಾಕಿಲ್ಲ. ಸುಳ್ಳು ಆರೋಪ ಆರೋಪಿಗೂ ಅಷ್ಟೇ ಯಾತನೆ, ಅವಮಾನ ತರಬಲ್ಲದು ಎಂದು 2008ರ ರಾಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂಟಿ ಸಾಕ್ಷಿ ಎಂಥವರಾಗಿರಬೇಕೆಂಬುದನ್ನು 2012ರ ರೈ ಸಂದೀಪ್ ತೀರ್ಪು ವಿವರಿಸಿತು: ಮೊದಲ ಹೇಳಿಕೆಯಿಂದ ಕೊನೆಯವರೆಗೆ ಮಾತು ಒಂದೇ ಆಗಿರಬೇಕು, ಪಾಟೀಸವಾಲಿಗೆ ಅಲುಗಬಾರದು, ಉಳಿದ ಸಾಕ್ಷ್ಯದೊಂದಿಗೆ ಹೊಂದಬೇಕು. 2020ರಲ್ಲಿ ಈ ಒಂದೇ ಅಳತೆ ಎರಡು ಫಲ ಕೊಟ್ಟಿತು. ಗಣೇಶನ್ ಪ್ರಕರಣದಲ್ಲಿ ಶಿಕ್ಷೆ ಉಳಿಯಿತು, ಸಂತೋಷ್ ಪ್ರಸಾದ್ ಪ್ರಕರಣದಲ್ಲಿ ಆರೋಪಿ ಖುಲಾಸೆಯಾದ.

ಹಾಗಾಗಿ ‘ಒಬ್ಬಳು ಹೇಳಿದರೆ ಸಾಕು’ ಎಂಬುದು ಕಾನೂನಿನ ಅರ್ಧ ಓದು. ಆ ನಿಯಮ ಇರುವುದು ತೂಗುವ ನ್ಯಾಯಾಧೀಶರಿಗೆ. ತನಿಖಾಧಿಕಾರಿ ಕೈಕಟ್ಟಿ ಕೂರಲು ಸಿಕ್ಕ ರಜೆಯಲ್ಲ ಅದು. ಕರ್ನಾಟಕದ್ದೇ ಆದ ಮಂಜಣ್ಣ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಬೇಸರಪಟ್ಟದ್ದು ಇದಕ್ಕೇ: ಪೊಲೀಸರು ಕಳಿಸದ ಹೊರತು ಸಂತ್ರಸ್ತೆಯನ್ನು ಪರೀಕ್ಷಿಸೆವು ಎನ್ನುವ ಸರ್ಕಾರಿ ವೈದ್ಯರು, ಅದರಲ್ಲೂ ಹಳ್ಳಿಗಾಡಿನವರು, ಅಮೂಲ್ಯ ಸಾಕ್ಷ್ಯವನ್ನು ಕಳೆಯುತ್ತಾರೆ. ಆಮೇಲೆ ಕೋರ್ಟಿನಲ್ಲಿ ಅವಳ ಮಾತು ಒಂಟಿಯಾಗುವುದು ಅವಳ ತಪ್ಪಿನಿಂದಲ್ಲ. 24 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕೆಂಬ ನಿಯಮ, ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂಬ 2013ರ ನಿಯಮ ಬಂದದ್ದು ನಂತರ.

ಹಾಸನದ ಪ್ರಕರಣಗಳಲ್ಲಿ ಒಂದು ಇದಕ್ಕೆ ಎದುರು ಉದಾಹರಣೆ. 2021ರ ಕೃತ್ಯಕ್ಕೆ ದೂರು ದಾಖಲಾದದ್ದು 2024ರಲ್ಲಿ. ಆರೋಪಿ ಆರೋಪವನ್ನು ಅಲ್ಲಗಳೆದರು. ಬರೀ ಮಾತಿಗೆ ಮಾತು ಎಂಬಂತಿದ್ದರೆ ತಡವೇ ದೊಡ್ಡ ಅಸ್ತ್ರವಾಗುತ್ತಿತ್ತೇನೋ. ತನಿಖಾ ತಂಡ ದೂರುದಾರಳ ಹಳೆಯ ಸೀರೆಯೊಂದನ್ನು ಹುಡುಕಿ ವಿಧಿವಿಜ್ಞಾನ ಪರೀಕ್ಷೆಗೆ ಒಳಪಡಿಸಿತು. ಅದರ ಮೇಲಿನ ಡಿಎನ್‌ಎ ಅವಳ ಮಾತಿನ ಜೊತೆ ನಿಂತಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವನಪರ್ಯಂತ ಸೆರೆವಾಸ ವಿಧಿಸಿತು. ತೀರ್ಪಿನ ವಿರುದ್ಧ ಹೈಕೋರ್ಟ್‌ಗೆ ಮೇಲ್ಮನವಿ ಹೋಗಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಕಲಮು ಹಳೆಯ 134ನ್ನೇ ಉಳಿಸಿಕೊಂಡಿದೆ. ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ಸಂಸದರೊಬ್ಬರ ಪ್ರಕರಣಕ್ಕೆ ವಿಶೇಷ ತನಿಖಾ ತಂಡ ಸಿಕ್ಕಿತು. ಹೋಬಳಿ ಮಟ್ಟದ ಠಾಣೆಗೆ ಬರುವ ಕೂಲಿ ಹೆಂಗಸಿನ ದೂರಿಗೂ ಆ ಶ್ರದ್ಧೆ ಸಿಕ್ಕರೆ, ಒಬ್ಬಳ ಮಾತು ಸಾಕೇ ಎಂದು ಕೇಳಬೇಕಾದ ಸಂದರ್ಭಗಳೇ ಕಡಿಮೆಯಾಗುತ್ತವೆ; ನಿರಪರಾಧಿಗೂ ಅದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.