ಸಂತರ ಮಧ್ಯಸ್ಥಿಕೆ

ತೀರಿಕೊಂಡು ದೇವರ ಸನ್ನಿಧಿ ಸೇರಿದ ಪುಣ್ಯವಂತರು ಬದುಕಿರುವವರ ಪರವಾಗಿ ದೇವರಲ್ಲಿ ಬೇಡುತ್ತಾರೆ, ಅವರನ್ನು ಹೆಸರು ಹಿಡಿದು ಕರೆದು ಮೊರೆಯಿಡಬಹುದು ಎಂಬ ಕ್ರೈಸ್ತ ನಂಬಿಕೆ ಮತ್ತು ಅದಕ್ಕೆ ಸೇರಿದ ಆಚರಣೆ. ಕಥೋಲಿಕ, ಆರ್ಥೊಡಾಕ್ಸ್ ಹಾಗೂ ಪುರಾತನ ಪೌರಸ್ತ್ಯ ಸಭೆಗಳಲ್ಲಿ ಇದು ದಿನನಿತ್ಯದ ರೂಢಿ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬಹುಮಟ್ಟಿಗೆ ಇಲ್ಲ. ಇದರ ಹುಟ್ಟಿನ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಅಪೊಸ್ತಲರ ಕಾಲದಿಂದಲೇ ಹೀಗೆ ನಡೆದುಬಂದಿದೆ ಎಂಬುದು ಒಂದು. ಚಕ್ರವರ್ತಿ ಕಾನ್‌ಸ್ಟಂಟೈನನ ನಂತರ ರೋಮಿನ ಹಳೆಯ ದೇವತೆಗಳ ಪೀಠಕ್ಕೆ ಸಂತರು ಏರಿದರು ಎಂಬುದು ಇನ್ನೊಂದು. ಸಿಕ್ಕಿರುವ ದಾಖಲೆಗಳ ಎದುರು ಎರಡೂ ಪೂರ್ತಿ ನಿಲ್ಲುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ ಭಕ್ತರಿಗಾಗಿ ವಿಜ್ಞಾಪಿಸುವವರು ಕ್ರಿಸ್ತ ಮತ್ತು ಪವಿತ್ರಾತ್ಮ. ಒಂದನೆಯ ತಿಮೊಥೆಯ 2:5 ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥನೊಬ್ಬನೇ ಎನ್ನುತ್ತದೆ. ಪ್ರಕಟನೆ ಗ್ರಂಥದಲ್ಲಿ ದೇವಜನರ ಪ್ರಾರ್ಥನೆಗಳು ಧೂಪದಂತೆ ಮೇಲೇರುತ್ತವೆ. ಆದರೆ ತೀರಿಕೊಂಡವರನ್ನು ಕರೆದು ಬೇಡಿಕೊಳ್ಳುವ ಪ್ರಸಂಗ ಅಲ್ಲಿಲ್ಲ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಓರಿಜೆನ್, ಪ್ರಾರ್ಥಿಸುವವನು ಒಂಟಿಯಲ್ಲ, ದೇವದೂತರೂ ಅಗಲಿದ ಭಕ್ತರೂ ಅವನೊಡನೆ ಪ್ರಾರ್ಥಿಸುತ್ತಾರೆ ಎಂದು ಬರೆದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ನಮ್ಮಲ್ಲಿ ಯಾರು ಮೊದಲು ಹೋದರೂ ಉಳಿದವರಿಗಾಗಿ ಬೇಡುವುದನ್ನು ಬಿಡದಿರೋಣ ಎಂಬ ಭಾವದ ಪತ್ರವನ್ನು ರೋಮಿನ ಕಾರ್ನೇಲಿಯಸನಿಗೆ ಕಳಿಸಿದ.

ಪಂಡಿತರ ಬರಹಕ್ಕಿಂತ ಸಾಮಾನ್ಯ ಭಕ್ತರ ಕೈಬರಹ ಇಲ್ಲಿ ಹೆಚ್ಚು ತೂಕದ್ದು. ರೋಮಿನ ಆಪ್ಪಿಯನ್ ರಸ್ತೆಯ ಸಂತ ಸೆಬಾಸ್ಟಿಯನ್ ಬೆಸಿಲಿಕದ ನೆಲದಡಿ 1915ರಲ್ಲಿ ಉತ್ಖನನ ನಡೆದಾಗ, ಸತ್ತವರ ನೆನಪಿನ ಊಟಕ್ಕೆ ಜನ ಕೂಡುತ್ತಿದ್ದ ಒಂದು ಚಾವಡಿ ಹೊರಬಂತು. ಅದರ ಗೋಡೆಯ ಗಾರೆಯ ಮೇಲೆ ಮೊನಚಾದ ವಸ್ತುವಿನಿಂದ ಗೀಚಿದ ನೂರಾರು ಬರಹಗಳಿವೆ. ಲ್ಯಾಟಿನ್‌ನಲ್ಲಿ, ಗ್ರೀಕ್‌ನಲ್ಲಿ, ಕಾಗುಣಿತ ತಪ್ಪಿದ ಅಕ್ಷರಗಳಲ್ಲಿ, ಪೇತ್ರ ಮತ್ತು ಪೌಲರನ್ನು ಕರೆದು ಇಂಥವನನ್ನು ನೆನಪಿಡಿ, ಇಂಥವನಿಗಾಗಿ ಪ್ರಾರ್ಥಿಸಿ ಎಂದು ಕೇಳಲಾಗಿದೆ. 4ನೆಯ ಶತಮಾನದಲ್ಲಿ ಬೆಸಿಲಿಕ ಕಟ್ಟುವಾಗ ಈ ಚಾವಡಿಯನ್ನು ಹೂತುಬಿಟ್ಟರು. ಹಾಗಾಗಿ ಬರಹಗಳು ಅದಕ್ಕೂ ಹಿಂದಿನವು. ರೂಢಿ ಮೇಲಿನಿಂದ ಇಳಿದು ಬಂದದ್ದು ಎಂಬ ವಾದವನ್ನು ಈ ಗೋಡೆ ಬಲವಾಗಿ ಅಲ್ಲಗಳೆಯುತ್ತದೆ.

ಇಷ್ಟೇ ಖಚಿತವೆಂದು ಹಲವು ಪುಸ್ತಕಗಳು ಉಲ್ಲೇಖಿಸುವ ಮತ್ತೊಂದು ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿರುವ, ಈಜಿಪ್ಟಿನಿಂದ ಬಂದ 470ನೆಯ ಸಂಖ್ಯೆಯ ಪಪೈರಸ್ ಹಾಳೆಯಲ್ಲಿ ಮರಿಯಳ ಆಶ್ರಯ ಬೇಡುವ ಗ್ರೀಕ್ ಪ್ರಾರ್ಥನೆಯಿದೆ. ಅಂಚು ಹರಿದ ಆ ಪುಟ್ಟ ತುಂಡನ್ನು ಸಿ. ಎಚ್. ರಾಬರ್ಟ್ಸ್ 1938ರಲ್ಲಿ ಪ್ರಕಟಿಸಿದರು. ಅಕ್ಷರದ ಮೋಡಿ ನೋಡಿ ಎಡ್ಗರ್ ಲೋಬೆಲ್ 3ನೆಯ ಶತಮಾನ ಎಂದರು. ಅಷ್ಟು ಹಿಂದಕ್ಕೆ ಒಯ್ಯಲು ರಾಬರ್ಟ್ಸ್ ಹಿಂಜರಿದರು. ಭಕ್ತಿಗ್ರಂಥಗಳು ಮಾತ್ರ ಸುಮಾರು 250 ಎಂದು ಬರೆದುಕೊಂಡವು. ಲಿಪಿಯನ್ನು ಮರುಪರಿಶೀಲಿಸಿದ ಹಾನ್ಸ್ ಫೋರ್ಸ್ಟರ್ ಮೊದಲಾದವರು ಅದನ್ನು ಹಲವು ಶತಮಾನ ಈಚೆಗೆ ತಂದಿದ್ದಾರೆ. ಹಾಳೆಯ ಕಾಲ ಈಚಿನದಾದರೂ ಪ್ರಾರ್ಥನೆ ಅದಕ್ಕಿಂತ ಹಳೆಯದಿರಬಹುದು. ಆದರೆ 250 ಎಂಬ ಇಸವಿಯನ್ನು ಇನ್ನು ಆಧಾರವಾಗಿ ಬಳಸುವುದು ಸರಿಯಲ್ಲ.

4ನೆಯ ಶತಮಾನದ ಕೊನೆಗೆ ಹುತಾತ್ಮರ ಸಮಾಧಿಗಳು ಯಾತ್ರಾಸ್ಥಳಗಳಾದವು. ನೋಲದ ಪಾವ್ಲಿನಸ್ ಸಂತ ಫೆಲಿಕ್ಸನನ್ನು ತನ್ನ ಬಾಳಿನ ಕಣ್ಣಿಗೆ ಕಾಣದ ಸಂಗಾತಿಯೆಂದೇ ನಂಬಿ, ವರ್ಷವರ್ಷವೂ ಅವನ ಹಬ್ಬಕ್ಕೆ ಕವಿತೆ ಬರೆದ. ಸಮಾಧಿಯ ಮುಂದೆ ಹಗಲಲ್ಲೇ ದೀಪ ಹಚ್ಚುವುದೇಕೆ, ಸತ್ತವರು ನಮ್ಮ ಮೊರೆ ಕೇಳುವುದು ಹೇಗೆ ಎಂದು ಪ್ರಶ್ನಿಸಿದ ವಿಜಿಲಾಂಷಿಯಸನಿಗೆ ಜೆರೋಮ್ 406ರಲ್ಲಿ ಕಟುವಾಗಿ ಉತ್ತರಿಸಿದ. ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ಹಳೆಯ ಚರಿತ್ರೆಗಳು ಭಾವಿಸಿದ್ದವು. ಹಾಗಾಗಿರಲಿಲ್ಲ ಎಂದು ತೋರಿಸಿದ್ದು ಈಚಿನ ಸಂಶೋಧನೆ, ಮುಖ್ಯವಾಗಿ ಮ್ಯಾಥ್ಯೂ ಡಾಲ್ ಸಾಂಟೊ ಅವರ 2012ರ ಗ್ರಂಥ. 6ನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೆಲವರು ದೇಹ ಬಿಟ್ಟ ಆತ್ಮ ಏನನ್ನೂ ಮಾಡಲಾರದು, ಸಂತರ ರೂಪದಲ್ಲಿ ಕಾಣಿಸಿಕೊಳ್ಳುವುದು ದೇವರ ಶಕ್ತಿಯೇ ಎನ್ನುತ್ತಿದ್ದರು. ಅವರನ್ನು ಖಂಡಿಸಲು ಪಾದ್ರಿ ಯೂಸ್ಟ್ರಾಷಿಯಸ್ ಒಂದು ಗ್ರಂಥವನ್ನೇ ಬರೆಯಬೇಕಾಯಿತು. ಸುಮಾರು 593ರಲ್ಲಿ ಪೋಪ್ ಗ್ರೆಗರಿ ಬರೆದ ಸಂವಾದಗಳಲ್ಲೂ ಇದೇ ಶಂಕೆಗೆ ಸಮಾಧಾನವಿದೆ. ಪೂರ್ವ ಸಿರಿಯಾಕ್ ಸಭೆಯಲ್ಲಂತೂ ಪುನರುತ್ಥಾನದವರೆಗೆ ಆತ್ಮ ನಿದ್ರೆಯಲ್ಲಿರುತ್ತದೆ ಎಂಬ ಬೋಧನೆಯೂ ಸಂತರ ಗೌರವವೂ ಜೊತೆಜೊತೆಗೇ ಉಳಿದವು. ಸತ್ತವರು ಎಚ್ಚರವಿದ್ದಾರೆಯೇ ಎಂಬುದೇ ಈ ಚರಿತ್ರೆಯ ನಿಜವಾದ ಕಗ್ಗಂಟು. ಅದಕ್ಕೆ ಸಿಗಬೇಕಾದ ಜಾಗ ಬಹುಕಾಲ ಸಿಗಲಿಲ್ಲ.

ಸಂತರನ್ನು ಸಾಲಾಗಿ ಹೆಸರಿಸಿ ಬೇಡುವ ಮಧ್ಯಯುಗದ ಲಿಟನಿಗಳು, ಊರೂರಿನ ಪಾಲಕ ಸಂತರು, ಜಪಮಾಲೆ ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳೇ. ಲೂಥರನ್ನರ 1530ರ ಆಗ್ಸ್‌ಬರ್ಗ್ ಅರಿಕೆ ಸಂತರನ್ನು ಮಾದರಿಯಾಗಿ ನೆನೆಯಬಹುದು, ಮೊರೆಯಿಡಬಾರದು ಎಂದಿತು. ಮುಂದೆ ಅದರ ಸಮರ್ಥನೆ ಬರೆದ ಮೆಲಾಂಕ್ತನ್, ಸಂತರು ಸ್ವರ್ಗದಲ್ಲಿ ಇಡೀ ಸಭೆಗಾಗಿ ಬೇಡುತ್ತಿರಬಹುದೆಂದು ಒಪ್ಪಿದ. ಈ ರಿಯಾಯಿತಿಯನ್ನು ಎರಡೂ ಪಕ್ಷದವರು ಸಾಮಾನ್ಯವಾಗಿ ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ ಕ್ರಾನ್ಮರನ 1544ರ ಲಿಟನಿಯಲ್ಲಿ ಉಳಿದಿದ್ದ ಮರಿಯಳ ಮತ್ತು ಸಂತರ ಆಹ್ವಾನಗಳು 1549ರ ಪ್ರಾರ್ಥನಾ ಪುಸ್ತಕದಲ್ಲಿ ಮಾಯವಾದವು. 1563ರ ಡಿಸೆಂಬರಿನಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಸಂತರಿಗೆ ಮೊರೆಯಿಡುವುದು ಒಳ್ಳೆಯದೂ ಉಪಯುಕ್ತವೂ ಎಂದು ಸಾರಿತು, ಕಡ್ಡಾಯವೆಂದು ಹೇಳಲಿಲ್ಲ.

ಕರ್ನಾಟಕದಲ್ಲಿ ಎರಡು ಪರಂಪರೆಗಳೂ ನೆರೆಹೊರೆಯಲ್ಲಿವೆ. 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟೆಂಟ್ ಬಾಸೆಲ್ ಮಿಷನ್ ಕಟ್ಟಿದ ಸಭೆಗಳಲ್ಲಿ ಸಂತರಿಗೆ ಪ್ರಾರ್ಥನೆಯಿಲ್ಲ. ಅದೇ ಕರಾವಳಿಯ ಕಾರ್ಕಳದ ಅತ್ತೂರಿನಲ್ಲಿ, 258ರಲ್ಲಿ ರೋಮಿನಲ್ಲಿ ಹುತಾತ್ಮನಾದ ಸಂತ ಲಾರೆನ್ಸನಿಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಚ್ಚಿ ಹರಕೆ ಹೊರುತ್ತಾರೆ. 2016ರಲ್ಲಿ ಆ ಇಗರ್ಜಿಗೆ ಬೆಸಿಲಿಕದ ಪದವಿ ದೊರೆಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ಸಭಾಸಂವಿಧಾನ, ಸಂತರ ಮಧ್ಯಸ್ಥಿಕೆ ಕ್ರಿಸ್ತನ ಏಕೈಕ ಮಧ್ಯಸ್ಥಿಕೆಗೆ ಅಧೀನವೆಂದು ವಿವರಿಸಿತು. ಅದೇ ನಿಲುವಿನಲ್ಲಿ 2025ರ ನವೆಂಬರಿನಲ್ಲಿ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ವಿಭಾಗ ಮರಿಯಳಿಗೆ ಸಹವಿಮೋಚಕಿ ಎಂಬ ಬಿರುದು ಸೂಕ್ತವಲ್ಲವೆಂದು ಟಿಪ್ಪಣಿ ಹೊರಡಿಸಿತು.