ಊರು ದಾಟದ ಹೆಂಡ: ಕೊಟ್ಟೂರು ಸೀಮೆಯ ಸೇಂದಿಯ ರುಚಿ ಮತ್ತು ಸುಂಕ

ದೇಸಿ ಮದ್ಯದ ಚರಿತ್ರೆಯನ್ನು ಕೊಟ್ಟೂರಿನಿಂದ ಆರಂಭಿಸಿದರೆ ಹುಬ್ಬೇರಿಸುವವರಿದ್ದಾರೆ. ಇದು ಗುರು ಕೊಟ್ಟೂರೇಶ್ವರನ ಊರು. ಹತ್ತಿರದಲ್ಲೇ ಉಜ್ಜಿನಿಯ ಸದ್ಧರ್ಮಪೀಠವಿದೆ, ನೆರೆಯ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ಆದರೆ ಇದೇ ಸೀಮೆಯ ಹಳ್ಳದ ದಂಡೆ, ಕೆರೆಯ ಹಿಂಬದಿಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಈಚಲು ಬೆಳೆದು ಬಂದಿದೆ. ಅದರ ರಸವೇ ಇಲ್ಲಿನವರ ಹೆಂಡ, ಕಚೇರಿಯ ಕಾಗದದಲ್ಲಿ ಸೇಂದಿ. ಅದರ ಬಗ್ಗೆ ನಮಗೆ ಸಿಗುವ ಬರಹವೆಲ್ಲ ಮೂರು ಬಗೆಯವರದು: ನೋಡಿ ವರ್ಣಿಸಿದ ಕವಿಯದು, ಸುಂಕ ಎಣಿಸಿದ ಅಧಿಕಾರಿಯದು, ಬಿಡಿಸಲು ಹೊರಟ ಸುಧಾರಕನದು. ಕುಡಿದವನು ಬರೆದಿಟ್ಟದ್ದು ಇಲ್ಲವೇ ಇಲ್ಲವೆನ್ನಬಹುದು. ಹಾಗಾಗಿ ಅವನ ನಾಲಿಗೆಯ ಸಾಕ್ಷ್ಯವನ್ನು ಪದಗಳಲ್ಲಿ, ನಿಷೇಧಗಳಲ್ಲಿ, ಮರದ ಸ್ವಭಾವದಲ್ಲೇ ಹುಡುಕಬೇಕು.

ಪದದಿಂದಲೇ ತೊಡಗೋಣ. ಹೆಂಡ ಇಳಿಸುವ ಸಮುದಾಯಕ್ಕೆ ನಮ್ಮಲ್ಲಿ ಈಡಿಗ, ಈಳಿಗ ಎಂಬ ಹೆಸರುಗಳಿವೆ. ಇವುಗಳ ಬಳಗಕ್ಕೆ ಸೇರಿದ ತಮಿಳಿನ ‘ಈಳಂ’ ಎಂಬ ಪದಕ್ಕೆ ಕಳ್ಳು ಎಂಬ ಅರ್ಥವೂ ಇದೆ, ಸಿಂಹಳ ದ್ವೀಪ ಎಂಬ ಅರ್ಥವೂ ಇದೆ. ಕಳ್ಳಿಳಿಸುವವರು ದ್ವೀಪದಿಂದ ಬಂದವರೆಂಬ ಐತಿಹ್ಯ ಕೇರಳದ ಈಳವರಲ್ಲಿ ಗಟ್ಟಿಯಾಗಿದೆ. ಅರ್ಥದಿಂದ ಕತೆ ಹುಟ್ಟಿತೋ ಕತೆಯಿಂದ ಅರ್ಥವೋ, ನನಗೆ ಮೊದಲನೆಯದೇ ಹೆಚ್ಚು ಸಂಭಾವ್ಯವೆನಿಸುತ್ತದೆ. ಪಲ್ಲವರ ತಾಮ್ರಶಾಸನಗಳ ತೆರಿಗೆಗಳ ಸಾಲಿನಲ್ಲಿ ‘ಈಳಂಪೂಟ್ಚಿ’ ಎಂಬ ಕಳ್ಳಿನ ಸುಂಕ ಬರುತ್ತದೆ. ಎಂದರೆ ಕಳ್ಳಿನ ಸುಂಕ ದಾಖಲೆಗೆ ಬಂದದ್ದು ಬಹಳ ಹಿಂದೆಯೇ. ಇನ್ನು ‘ಸೇಂದಿ’ ಎಂಬುದು ಮರಾಠಿಯ ‘ಶಿಂದಿ’ಯ ನಂಟಿನದು. ಅಲ್ಲಿ ಅದು ಮರದ ಹೆಸರೂ ಹೌದು, ಹೆಂಡದ ಹೆಸರೂ ಹೌದು.

ಕನ್ನಡ ಕಾವ್ಯದಲ್ಲಿ ಪಾನಗೋಷ್ಠಿಯ ಸೊಗಸಾದ ಚಿತ್ರ ಪಂಪನದು. 941ರ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಕಡಲ ನಗರಿ ದ್ವಾರಾವತಿಯ ಬೀದಿಗಳಲ್ಲಿ ರಾತ್ರಿ ತಿರುಗುತ್ತ ಕುಡಿಯುವವರ ಕೂಟವನ್ನು ಕಾಣುತ್ತಾನೆ. ಹಕ್ಕಿಗಳ ಆಕಾರದ ಪಾತ್ರೆಗಳು, ಬಗೆಬಗೆಯ ಮದ್ಯಗಳು, ತೊದಲುವ ಮಾತು, ಎಲ್ಲವೂ ಅಲ್ಲಿವೆ. ಸುಮಾರು ಎರಡು ಶತಮಾನದ ಬಳಿಕ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಮದಿರಾಪಾನವನ್ನು ಅರಮನೆಯ ಕ್ರೀಡೆಗಳಲ್ಲೊಂದಾಗಿ ಎಣಿಸುತ್ತದೆ. ಆ ದೊರೆಗಳ ಆಳ್ವಿಕೆಯಲ್ಲಿ ಈ ಸೀಮೆ ನೊಳಂಬವಾಡಿಯ ಭಾಗ. ಕೋಗಳಿ ಒಂದು ನಾಡಿನ ಕೇಂದ್ರ, ಉಚ್ಚಂಗಿ ಪಾಂಡ್ಯರ ಕೋಟೆ, ಬಾಗಳಿಯ ಕಲ್ಲೇಶ್ವರ ಆ ಕಾಲದ ಕೆತ್ತನೆಗೆ ಇಂದಿಗೂ ಸಾಕ್ಷಿ. ಆದರೆ ಕಾವ್ಯದ ಹೊನ್ನಿನ ಬಟ್ಟಲಿಗೂ ಕೋಗಳಿಯ ಹಳ್ಳದ ಮಣ್ಣಿನ ಗಡಿಗೆಗೂ ನಡುವೆ ದೂರ ಬಹಳ. ಆ ದೂರವನ್ನು ಒಂದಿಷ್ಟು ತುಂಬುವವನು ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ. ಶರಣನಾದ ಮೇಲೂ ಅವನ ಹೆಸರಿನಿಂದ ಕಸುಬು ಕಳಚಲಿಲ್ಲ, ‘ಧರ್ಮೇಶ್ವರಲಿಂಗ’ ಅಂಕಿತದ ವಚನಗಳಲ್ಲಿ ಹೆಂಡದ ಮಡಕೆಯೇ ಅನುಭಾವದ ರೂಪಕವಾಯಿತು.

ಕುಡಿಯದವರಿಂದ ತಿಳಿಯುವುದೂ ಕಡಿಮೆಯಲ್ಲ. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳ ಮ್ಯಾಸಬೇಡರು ಪಶುಪಾಲಕರು, ದೇವರ ಎತ್ತುಗಳನ್ನು ಸಾಕುವವರು. ಅವರ ಸಂಪ್ರದಾಯದಲ್ಲಿ ಕೋಳಿ ವರ್ಜ್ಯ, ಹೆಂಡ ವರ್ಜ್ಯ, ಅಷ್ಟೇ ಅಲ್ಲ, ಈಚಲು ಮರವೇ ವರ್ಜ್ಯ. ಅದರ ಗರಿಯ ಚಾಪೆಯನ್ನೂ ಕಟ್ಟುನಿಟ್ಟಿನವರು ದೂರವಿಡುತ್ತಿದ್ದರು. ಪಾನನಿರೋಧ ಗಾಂಧಿಯುಗದ ಕೊಡುಗೆಯೆಂದು ಸಲೀಸಾಗಿ ಬರೆಯುವವರು ಈ ಹಟ್ಟಿಗಳನ್ನು ನೋಡಿಲ್ಲ. ಮರವನ್ನೇ ಮೈಲಿಗೆಯೆಂದು ಕಂಡವರ ಪಕ್ಕದ ಊರಿನಲ್ಲಿ ಅದೇ ಮರದಿಂದ ಹೊಟ್ಟೆ ಹೊರೆದವರಿದ್ದರು.

ಈಗ ರುಚಿಗೆ ಬರೋಣ. ತೆಂಗಿನಲ್ಲಿ ಹೊಂಬಾಳೆಯಿಂದ ಕಳ್ಳು ಇಳಿದರೆ, ಈಚಲಿನಲ್ಲಿ ಸುಳಿಯ ಕೆಳಗೆ ಕಾಂಡವನ್ನೇ ಕೆತ್ತಬೇಕು. ಸಂಜೆ ಕೆತ್ತಿ ಗಡಿಗೆ ಕಟ್ಟಿದರೆ ಬೆಳಗಿನೊಳಗೆ ರಸ ತುಂಬುತ್ತದೆ. ಗಡಿಗೆಗೆ ಸುಣ್ಣ ಬಳಿದು ಸೂರ್ಯೋದಯಕ್ಕೆ ಮುಂಚೆ ಇಳಿಸಿದರೆ ಅದು ನೀರಾ. ಸುಣ್ಣವಿಲ್ಲದ ಗಡಿಗೆಯಲ್ಲಿ ಗಾಳಿಯ, ಹಳೆಯ ಮಡಕೆಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಗಲೇ ಮದ್ಯ ಮಾಡತೊಡಗಿರುತ್ತವೆ. ಬೆಳಿಗ್ಗೆ ಅದು ಸಿಹಿ ಹೆಂಡ: ಹಾಲುಬಿಳುಪು, ತೆಳು ನೊರೆ, ಎಳೆಯ ಕಾಯಿಯ ವಾಸನೆ. ಮಧ್ಯಾಹ್ನಕ್ಕೆ ಹುಳಿ, ಮೂಗಿಗೆ ಹತ್ತುವ ಘಾಟು, ಮದ್ಯಾಂಶ ನೂರಕ್ಕೆ ನಾಲ್ಕೈದರ ಆಸುಪಾಸು. ಮರುದಿನ ಅದು ಹೆಂಡವಲ್ಲ, ವಿನೆಗರಿನ ಹಾದಿ ಹಿಡಿದಿರುತ್ತದೆ. ಚಳಿಗಾಲದಲ್ಲಿ ಹುದುಗುವ ವೇಗ ತಗ್ಗಿ ಸಿಹಿ ಹೆಚ್ಚು ಹೊತ್ತು ನಿಲ್ಲುತ್ತದೆ. ದ್ರಾಕ್ಷಾರಸ ಯಾವ ವರ್ಷದ್ದೆಂದು ಕೇಳುವಂತೆ ಇಲ್ಲಿ ಎಷ್ಟು ಹೊತ್ತಿನದೆಂದು ಕೇಳಬೇಕು. ಯಾವ ಹಳ್ಳದ ಮರ, ಯಾರ ಗಡಿಗೆ ಎಂಬುದು ಆಮೇಲಿನ ಮಾತು. ಇಂಥ ಪಾನೀಯ ಒಂದು ಗಾವುದ ದಾಟಿದರೆ ಬೇರೆಯದೇ ಆಗಿಬಿಡುತ್ತದೆ. ಅದರ ‘ದೇಸಿ’ತನ ಇರುವುದು ಊರು ದಾಟಲಾಗದ ಈ ಗುಣದಲ್ಲಿ.

ಸುಂಕದ ಆಡಳಿತಕ್ಕೆ ತೊಡಕಾದದ್ದೂ ಇದೇ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾಗಿ, ಈ ಸೀಮೆಯನ್ನೊಳಗೊಂಡ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಥಾಮಸ್ ಮನ್ರೋ ಕಲೆಕ್ಟರನಾದ. ಮುಂದೆ 1886ರ ಮದ್ರಾಸ್ ಅಬಕಾರಿ ಕಾಯ್ದೆಯ ಕಾಲಕ್ಕೆ ಕೆತ್ತುವ ಪ್ರತಿ ಮರಕ್ಕೆ ತೆರಿಗೆ, ಅಂಗಡಿಯ ಹಕ್ಕಿಗೆ ಹರಾಜು ಎಂಬ ಪದ್ಧತಿ ಬೇರೂರಿತು. ಮರದ ತಲೆಯೆಣಿಕೆ ಸುಲಭ, ರಸದ ಅಳತೆ ಕಷ್ಟ. ಭಟ್ಟಿಯಿಳಿಸಿದ ಸಾರಾಯಿಯಾದರೋ ಕೆಡುವುದಿಲ್ಲ, ದೂರ ಸಾಗುತ್ತದೆ, ಅದರ ಕಡುತನವನ್ನು ಕಚೇರಿಯಲ್ಲೇ ಅಳೆಯಬಹುದು. ಹರಾಜು ಕೂಗಿದ ಗುತ್ತಿಗೆದಾರನಿಗೆ ಕೊಟ್ಟ ಹಣ ಹಿಂತಿರುಗಬೇಕು, ಅವನಿಗೆ ಬೆಳಗಿನ ಸಿಹಿಯ ಉಸಾಬರಿ ಯಾಕೆ? ಹೆಂಡದ ರುಚಿ ಕೆಟ್ಟದ್ದು ಹರಾಜಿನ ಕಟ್ಟೆಯ ಮೇಲೆ, ಮರದ ಕೆಳಗಲ್ಲ ಎಂಬುದು ನನ್ನ ತೀರ್ಮಾನ.

ಸುಂಕವೇ ಮರದ ಮೇಲಿದ್ದುದರಿಂದ ಸ್ವಾತಂತ್ರ್ಯ ಚಳವಳಿಯ ಕೊಡಲಿಯೂ ಮರಕ್ಕೇ ಬಿತ್ತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಮೈಸೂರು ಸರ್ಕಾರದ ಬೊಕ್ಕಸಕ್ಕೆ ಅದು ನೇರ ಪೆಟ್ಟು. ಅದರ ಮುಂದಾಳುಗಳಲ್ಲಿ ಒಬ್ಬರು ಎಸ್. ನಿಜಲಿಂಗಪ್ಪ, 1902ರಲ್ಲಿ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿದವರು. ಮರಗಳು ಬಿದ್ದಾಗ ಅವನ್ನು ಏರುತ್ತಿದ್ದ ಮನೆಗಳ ಗತಿ ಏನಾಯಿತೆಂಬ ಪ್ರಶ್ನೆ ಸತ್ಯಾಗ್ರಹದ ಕಥನಗಳಲ್ಲಿ ಅಂಚಿಗೆ ಸರಿದಿದೆ.

ಅತ್ತ ಮದ್ರಾಸ್ ಪ್ರಾಂತದಲ್ಲಿ 1937ರಲ್ಲಿ ಸೇಲಂನಿಂದ ಆರಂಭವಾದ ಪಾನನಿಷೇಧ 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತವನ್ನು ಆವರಿಸಿತು. ಆಗ ಕೊಟ್ಟೂರು ಸೀಮೆಯೂ ಮದ್ರಾಸಿಗೆ ಸೇರಿತ್ತು. ತುಂಗಭದ್ರೆಯಾಚೆಗಿನ ಕೊಪ್ಪಳ ಹೈದರಾಬಾದ್ ಸಂಸ್ಥಾನದ್ದು, ಅಲ್ಲಿ ಸೇಂದಿ ಸರ್ಕಾರದ ದೊಡ್ಡ ಆದಾಯ. ಒಂದೇ ಜಾತಿಯ ಮರ, ಒಂದೇ ರಸ, ಹೊಳೆಯ ಈ ದಡದಲ್ಲಿ ಅಪರಾಧ, ಆ ದಡದಲ್ಲಿ ಕಂದಾಯ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1967ರಲ್ಲಿ ರಾಜ್ಯ ಪಾನನಿಷೇಧವನ್ನು ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಅದೇ ನಿಜಲಿಂಗಪ್ಪ. ಇದನ್ನು ಅವರ ವೈಯಕ್ತಿಕ ವಿರೋಧಾಭಾಸವೆಂದು ನಗುವುದು ಸುಲಭ. ಅದಕ್ಕಿಂತ, ಬೊಕ್ಕಸದ ಹೊರಗೆ ನಿಂತವನ ಕಣ್ಣಿಗೂ ಒಳಗೆ ಕುಳಿತವನ ಕಣ್ಣಿಗೂ ಮರ ಬೇರೆಯಾಗಿ ಕಾಣುತ್ತದೆ ಎಂದು ಓದುವುದೇ ಸರಿ.

ಮರಳಿ ಬಂದದ್ದು ಹಳೆಯ ಹೆಂಡವಲ್ಲ. ರಾಯಚೂರು, ಬಳ್ಳಾರಿ ಕಡೆ ‘ಸಿಎಚ್ ಪೌಡರ್’ ಎಂದು ಜನ ಕರೆಯುವ ಕ್ಲೋರಲ್ ಹೈಡ್ರೇಟ್ ನೀರಿಗೆ ಬಿದ್ದು ಹೆಂಡದ ಹೆಸರಿನಲ್ಲಿ ಮಾರಾಟವಾಯಿತು. ಮರವೇ ಬೇಡದ ಸೇಂದಿ ಅದು, ಹೊತ್ತಿನ ಹಂಗೂ ಇಲ್ಲ. ಒಳನಾಡಿನ ಸೇಂದಿ ಅಂಗಡಿಗಳು ಮೊದಲು ಮುಚ್ಚಿದವು, 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕರಾವಳಿಯ ತೆಂಗಿನ ಕಳ್ಳಿಗೆ ಮಾತ್ರ ಪರವಾನಗಿ ಉಳಿಯಿತು. ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ವೈನಿಗೆಂದು ಪ್ರೋತ್ಸಾಹದ ನೀತಿಯನ್ನು ತಂದಿತು.

ಕೊಟ್ಟೂರಿನ ಬಾರುಗಳಲ್ಲಿ ಈಗ ಸಿಗುವುದು ಎಲ್ಲ ಊರುಗಳಲ್ಲೂ ಒಂದೇ ರುಚಿಯ ಬಾಟಲಿ, ಪಕ್ಕಕ್ಕೆ ಇಲ್ಲಿನದೇ ಮಿರ್ಚಿ, ಮಂಡಕ್ಕಿ. ಹಳ್ಳದ ದಂಡೆಯ ಈಚಲಿನ ಗರಿ ಪೊರಕೆಗೂ ಬುಟ್ಟಿಗೂ ಹೋಗುತ್ತದೆ, ಹಣ್ಣು ದನ ಕಾಯುವ ಹುಡುಗರಿಗೆ.