ಆಮ್ಲಜನಕ ಸಿಲಿಂಡರ್: ಎಣ್ಣೆಯ ಪಸೆಯೂ ಅಪಾಯ

ಹಾವೇರಿ: ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರಿನ ಆಸ್ಪತ್ರೆಗಳಿಗಾಗಲಿ, ವೆಲ್ಡಿಂಗ್ ಅಂಗಡಿಗಳಿಗಾಗಲಿ ಆಮ್ಲಜನಕದ ಸಿಲಿಂಡರ್ ಹೊಸದಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ, ಆಗ ಗೃಹ ಸಚಿವರಾಗಿದ್ದ ಬಸವರಾಜ ಬೊಮ್ಮಾಯಿ ಅವರು ಶಿಗ್ಗಾವಿಯ ತಮ್ಮ ನಿವಾಸವನ್ನೇ ಕೋವಿಡ್ ಆರೈಕೆ ಕೇಂದ್ರವನ್ನಾಗಿಸಿದ್ದರು. ಅಂದು ಸಿಲಿಂಡರ್ ದೊರೆಯುವುದೇ ದೊಡ್ಡ ಚಿಂತೆಯಾಗಿತ್ತು. ಅದರ ಶುಚಿತ್ವವೂ ಪ್ರಾಣದ ಪ್ರಶ್ನೆಯೇ ಎಂಬುದು ಹಲವರಿಗೆ ತಿಳಿಯದು.

ಕಾರಣವೇನು?

ಆಮ್ಲಜನಕ ತಾನಾಗಿ ಉರಿಯದು, ಉರಿಯುವುದನ್ನು ಉಗ್ರಗೊಳಿಸುತ್ತದೆ. ಆಸ್ಪತ್ರೆಯ ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್ ಅನಿಲವನ್ನು ಅಧಿಕ ಒತ್ತಡದಲ್ಲಿ ತುಂಬಿರುತ್ತಾರೆ. ಕವಾಟವನ್ನು ಥಟ್ಟನೆ ತೆರೆದರೆ ಮುನ್ನುಗ್ಗುವ ಅನಿಲ ರೆಗ್ಯುಲೇಟರ್‌ನೊಳಗೆ ಒತ್ತರಿಸಿ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಅಥವಾ ಗ್ರೀಸ್‌ನ ಪಸೆಯಿದ್ದರೆ ಕಿಡಿಯಿಲ್ಲದೆಯೂ ಬೆಂಕಿ ಹೊತ್ತಬಹುದು.

ನಿಯಮವೇನು?

2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಸಿಲಿಂಡರ್‌ನ ಕವಾಟ ಹಾಗೂ ಇತರ ಬಿಡಿಭಾಗಗಳಿಗೆ ಎಣ್ಣೆ ಹಚ್ಚುವಂತಿಲ್ಲ. ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಈ ನಿಯಮಗಳನ್ನು ಜಾರಿಗೊಳಿಸುತ್ತದೆ. ಕಪ್ಪು ಮೈ, ಬಿಳಿ ಹೆಗಲು ವೈದ್ಯಕೀಯ ಆಮ್ಲಜನಕ ಸಿಲಿಂಡರ್‌ನ ಗುರುತು.

ನೆರೆಯ ಉತ್ತರ ಕನ್ನಡದ ಮುರ್ಡೇಶ್ವರದ ಬಳಿ ನೇತ್ರಾಣಿ ದ್ವೀಪಕ್ಕೆ ತೆರಳುವ ಸ್ಕೂಬಾ ಮುಳುಗುಗಾರರ ಸಿಲಿಂಡರ್‌ಗೂ ಇದೇ ತತ್ವ ಅನ್ವಯಿಸುತ್ತದೆ. ಅದರಲ್ಲಿ ಸಾಮಾನ್ಯವಾಗಿ ಶೇ 21ರಷ್ಟು ಆಮ್ಲಜನಕವುಳ್ಳ ಸಾದಾ ಗಾಳಿಯಿರುತ್ತದೆ. ಆಮ್ಲಜನಕದ ಪ್ರಮಾಣ ಶೇ 40 ಮೀರಿದರೆ, ಅದು ತಾಗುವ ಬಿಡಿಭಾಗಗಳಿಂದ ಉರಿಯುವ ವಸ್ತುಗಳನ್ನು ಬಳಕೆಗೆ ಮುನ್ನ ತೊಳೆದು ತೆಗೆಯಬೇಕೆಂದು ಅಮೆರಿಕದ ವಾಣಿಜ್ಯ ಮುಳುಗು ನಿಯಮ ವಿಧಿಸುತ್ತದೆ.

ಶುಚಿಗೊಳಿಸುವುದು ಹೇಗೆ?

ಇದು ಪರಿಣತರ ಕೆಲಸ. ಸಿಲಿಂಡರ್ ಬರಿದುಮಾಡಿ, ಕವಾಟ ಬಿಚ್ಚಿ, ಒಳಮೈಯನ್ನು ಪರೀಕ್ಷಿಸಿ, ಸೂಕ್ತ ಮಾರ್ಜಕದಿಂದ ತೊಳೆದು, ಎಣ್ಣೆಯಂಶವಿಲ್ಲದ ಗಾಳಿ ಅಥವಾ ಸಾರಜನಕದಿಂದ ಒಣಗಿಸುತ್ತಾರೆ. ಅತಿನೇರಳೆ ಬೆಳಕಿನಲ್ಲಿ ಅನೇಕ ಬಗೆಯ ಎಣ್ಣೆಗಳ ಪಸೆ ಹೊಳೆದು ಕಾಣುತ್ತದೆ.

ಬಳಸುವವರು ಗಮನಿಸಿ

* ಎಣ್ಣೆ, ಗ್ರೀಸ್ ಮೆತ್ತಿದ ಕೈ, ಬಟ್ಟೆ, ಸ್ಪ್ಯಾನರ್ ಸಿಲಿಂಡರ್‌ಗೆ ತಾಗದಿರಲಿ.
* ಕವಾಟ ಬಿಗಿಯಾಗಿದ್ದರೂ ಎಣ್ಣೆ ಬಿಡಬೇಡಿ; ಪೂರೈಕೆದಾರರಿಗೆ ಹಿಂದಿರುಗಿಸಿ.
* ಕವಾಟವನ್ನು ನಿಧಾನವಾಗಿ ತೆರೆಯಿರಿ.
* ಬೇರೆ ಅನಿಲದ ಸಿಲಿಂಡರ್‌ಗೆ ಆಮ್ಲಜನಕ ತುಂಬಿಸಬೇಡಿ.

ಬಿಗಿಯಾದ ಪಂಪ್‌ಸೆಟ್‌ಗೆ ಗ್ರೀಸ್ ಹಚ್ಚುವುದು ರೂಢಿ. ಆ ರೂಢಿ ಆಮ್ಲಜನಕದ ಬಳಿ ಸಲ್ಲದು.